ಬಿಚ್ಚಲು ಬರುವಂತೆ ಕಟ್ಟಿದ ಕೋಣೆ

ಕಟ್ಟುವವರು ಊರಿಗೆ ಹತ್ತು ಜನ ಸಿಗಬಹುದು, ಆದರೆ ಬಿಚ್ಚುವುದರಲ್ಲಿ ನಮ್ಮ ಮಾವನನ್ನು ಮೀರಿಸುವವರು ಹಿಂದೂಪುರದಲ್ಲಿ ಇನ್ನೂ ಹುಟ್ಟಿಲ್ಲ! ಹೊಸ ಮಂಚ ತಂದರೆ ಅದರ ಮೇಲೆ ಮಲಗುವ ಮೊದಲು, ಮುಂದೊಂದು ದಿನ ಇದನ್ನು ಬಾಗಿಲಿನಿಂದ ಆಚೆ ಹಾಕುವುದು ಹೇಗೆ ಎಂದು ಅಳತೆ ಹಿಡಿಯುವ ಆಸಾಮಿ.

ತಪ್ಪು ಅವರದಲ್ಲ, ಕಸುಬಿನದು. ಅಮ್ಮನ ತಮ್ಮನಾದ ಈ ಮಾವ ನಿವೃತ್ತರಾಗುವವರೆಗೂ ದೂರದ ಕರಾವಳಿಯ ಆಫೀಸೊಂದರಲ್ಲಿ, ಸಮುದ್ರದ ನಡುವೆ ಉಕ್ಕಿನ ಕಾಲುಗಳ ಮೇಲೆ ನಿಲ್ಲುವ ಎಣ್ಣೆ ಬಾವಿಯ ಕಟ್ಟೆಗಳಿಗೆ ಡಿಸೈನು ಮಾಡುತ್ತಿದ್ದರು. (ಕೆರೆಗೇ ನೀರಿಲ್ಲದ ನಮ್ಮ ಸೀಮೆಯವರಿಗೆ ಸಮುದ್ರದ ನೌಕರಿಯೇ ಸಿಗಬೇಕೆ!) ಎಣ್ಣೆ ಒಂದು ದಿನ ಮುಗಿಯುತ್ತದೆ; ಆಮೇಲೆ ಕಟ್ಟೆಯನ್ನು ತುಕ್ಕು ಹಿಡಿಯಲು ಬಿಡುವಂತಿಲ್ಲ. ಎಲ್ಲಿ ಕತ್ತರಿಸಬೇಕು, ಕ್ರೇನಿನ ಕೊಕ್ಕೆ ಎಲ್ಲಿ ಸಿಕ್ಕಿಸಬೇಕು, ಪೈಪಿನೊಳಗಿನ ಎಣ್ಣೆಯನ್ನು ಹೇಗೆ ತೊಳೆಯಬೇಕು, ಎಲ್ಲವನ್ನೂ ನಕ್ಷೆ ಬರೆಯುವ ದಿನವೇ ಯೋಚಿಸಬೇಕಂತೆ.

“ಹಾಕೋವಾಗ ಯೋಚ್ನೆ ಮಾಡ್ದಿದ್ರೆ ತೆಗೆಯೋವಾಗ ತಿಣುಕ್ಬೇಕಾಯ್ತದೆ ಕಣ್ಲಾ” ಎನ್ನುತ್ತಿದ್ದರು.

ಅದು ಸಮುದ್ರಕ್ಕೆ ಸರಿ. ಆದರೆ ಮನೆಯ ಮೇಲಿನ ನೀರಿನ ಟ್ಯಾಂಕಿಗೆ? ರೊದ್ದಂನಿಂದ ಬಂದ ಮೇಸ್ತ್ರಿಗೆ, ಟ್ಯಾಂಕು ಇಳಿಸುವ ದಾರಿಯನ್ನು ತೋರಿಸಿದ ಮೇಲೆಯೇ ಅದನ್ನು ಏರಿಸಲು ಬಿಟ್ಟರು. ಆತ ಸುಸ್ತಾಗಿ ಅತ್ತೆಯ ಹತ್ತಿರ ತೆಲುಗಿನಲ್ಲಿ, “ಅಮ್ಮಾ, ಸಾರ್ ಇಲ್ಲು ಕಡ್ತಾರಾ, ಪೀಕ್ತಾರಾ?” ಎಂದ. ಮನೆ ಕಟ್ಟುತ್ತಾರೋ ಕೀಳುತ್ತಾರೋ ಎಂಬ ಆ ಪ್ರಶ್ನೆಯನ್ನು ಅತ್ತೆ ಇಂದಿಗೂ ಮಾವನಿಗೇ ಕೇಳುತ್ತಾರೆ!

ಮಗಳ ಮದುವೆಯಲ್ಲಿ ಏನಾಯಿತು ಗೊತ್ತೆ? ಶಾಮಿಯಾನದ ಹುಡುಗರಿಗೆ ಬಿಚ್ಚುವ ಕ್ರಮವನ್ನು ಎಷ್ಟು ಚೆನ್ನಾಗಿ ಬಾಯಿಪಾಠ ಮಾಡಿಸಿದ್ದರೆಂದರೆ, ಮೊದಲ ಪಂಕ್ತಿ ಎದ್ದದ್ದೇ ತಡ, ಅವರು ಹಗ್ಗ ಬಿಚ್ಚಲು ಶುರುಮಾಡಿಬಿಟ್ಟರು. ಎರಡನೇ ಪಂಕ್ತಿಗೆ ಕಲ್ಯಾಣದುರ್ಗದ ಬೀಗರು ಎಲೆಯ ಮುಂದೆ ಕೂತಿದ್ದಾರೆ, ತಲೆಯ ಮೇಲೆ ಸುಡುಬಿಸಿಲು!

“ಅಯ್ಯೋ, ಏನ್ರೀ ಇದು?” ಎಂದು ಅತ್ತೆ ಓಡಿ ಬಂದರೆ ಮಾವ ನನ್ನ ಭುಜ ತಟ್ಟಿ, “ಒಂದು ಗಂಟೂ ಸಿಕ್ಕಾಗ್ದಂಗೆ ಬಿಚ್ಚವ್ರೆ ನೋಡ್ಲಾ!” ಎಂದರು.

ಆ ಮಗಳ ಕೋಣೆಯೂ ಹೀಗೆಯೇ ಆದದ್ದು. ಅವಳ ಬಾಲ್ಯವನ್ನೆಲ್ಲ ಮಾವ ರಜೆಯಲ್ಲಿ ಮಾತ್ರ ನೋಡಿದವರು. ಅವಳು ಹೈಸ್ಕೂಲಿನಲ್ಲಿದ್ದಾಗ ಅಂಥದ್ದೊಂದು ರಜೆಯಲ್ಲಿ ಬಂದು, ನಡುಮನೆಗೆ ಹಲಗೆಯ ಗೋಡೆ ಅಡ್ಡ ನಿಲ್ಲಿಸಿ ಅವಳಿಗೊಂದು ಕೋಣೆ ಮಾಡಿಕೊಟ್ಟರು. ಇಟ್ಟಿಗೆಯಿಲ್ಲ, ಸಿಮೆಂಟಿಲ್ಲ, ಬರೀ ಬೋಲ್ಟು. ಅವಳು ಗಂಡನ ಮನೆಗೆ ಹೋದ ಮೇಲೆ ಗೋಡೆ ಬಿಚ್ಚಿದರೆ ನಡುಮನೆ ಮತ್ತೆ ದೊಡ್ಡದಾಗಬೇಕಲ್ಲ!

“ಮಗಳು ಮನೇಲಿರುವಾಗ್ಲೇ ಕಳ್ಸೋ ಲೆಕ್ಕ ಹಾಕ್ತೀರಲ್ಲ, ನೀವೂ ಒಬ್ಬ ಅಪ್ಪನಾ?” ಎಂದು ಅತ್ತೆ ರೇಗಿದರು. ಮಗಳು ಮಾತ್ರ ನಕ್ಕು, “ಎಷ್ಟೊತ್ತು ಬೇಕಪ್ಪಾ ಬಿಚ್ಚಾಕೆ?” ಎಂದಳು.

“ಅರ್ಧ ದಿನ ಸಾಕು ಕಣಮ್ಮ.”

ಮಾವ ನಿವೃತ್ತರಾಗಿ ಊರು ಸೇರಿದ ವರ್ಷವೇ ಅವಳು ಮದುವೆಯಾಗಿ ಕಲ್ಯಾಣದುರ್ಗಕ್ಕೆ ಹೊರಟುಹೋದಳು. ಹೋಗಿ ಎಷ್ಟು ಕಾಲವಾಯಿತು! ಆ ಅರ್ಧ ದಿನ ಮಾತ್ರ ಮಾವನಿಗೆ ಬಿಡುವೇ ಆಗಲಿಲ್ಲ. ಒಮ್ಮೆ ಅಮಾವಾಸ್ಯೆ, ಒಮ್ಮೆ ಸೊಂಟನೋವು, ಒಮ್ಮೆ ಸ್ಪ್ಯಾನರೇ ಕಾಣಲಿಲ್ಲ.

ಮೊನ್ನೆ ಮಗಳ ಸೀಮಂತ ತವರಿನಲ್ಲೇ ಎಂದು ನಿಶ್ಚಯವಾಯಿತು. ಜನ ಕೂರಲು ನಡುಮನೆ ಸಾಲದು. ನಾನು ಪೆನುಕೊಂಡದ ಹತ್ತಿರ ಕಾರಿನ ಕಾರ್ಖಾನೆಯಲ್ಲಿ ಬೋಲ್ಟು ತಿರುಗಿಸುವವನು. ಅತ್ತೆ ನನಗೇ ಫೋನು ಮಾಡಿದರು: “ನೀನೇ ಬಂದು ಬಿಚ್ಬುಡಪ್ಪ. ನಿಮ್ಮಾವನ್ನ ನಂಬ್ಕೊಂಡ್ರೆ ಆಗಾಕಿಲ್ಲ.”

ಹೋದೆ. ಕೋಣೆಯೊಳಗೆ ಚಾಪೆ ಹಾಸಿತ್ತು. ಗೋಡೆಯ ಬೋಲ್ಟುಗಳಲ್ಲಿ ಒಂದಕ್ಕೂ ತುಕ್ಕಿಲ್ಲ, ಯಾರೋ ಆಗಾಗ ಎಣ್ಣೆ ಹಾಕಿ ಒರೆಸಿದ್ದರು. ಸ್ಪ್ಯಾನರ್ ಇಟ್ಟೆ. ಮಾವ ಬಂದು ನನ್ನ ಕೈ ಹಿಡಿದುಕೊಂಡರು.

“ಸಮುದ್ರದಾಗೆ ಒಂದೊಂದು ಕಡೆ ಮೇಲಿನ ಕಟ್ಟೆ ತೆಗೆದ್ರೂ ನೀರೊಳಗಿನ ಕಾಲು ಹಂಗೇ ಬಿಡ್ತಾರೆ ಕಣ್ಲಾ.”

“ಯಾಕೆ ಮಾವ?”

“ಅಷ್ಟೊತ್ಗೆ ಮೀನು ಬಂದು ಸೇರ್ಕೊಂಡಿರ್ತವೆ. ಅದೇ ಅವಕ್ಕೆ ಮನೆ. ಎಬ್ಬಿಸ್ಬಾರ್ದು.”

ನನಗೆ ನಗು ಬಂತು. “ಹಿಂದೂಪುರದ ನಡುಮನೇಲಿ ಯಾವ ಮೀನು ಮಾವ?”

ಮಾವ ನಗಲಿಲ್ಲ. ಚಾಪೆಯ ಕಡೆ ನೋಡಿದರು.

“ನಾನೇ ಕಣ್ಲಾ. ಅವಳು ಹೋದಾಗಿಂದ ಇಲ್ಲೇ ಮಲಗ್ತೀನಿ.”