ಚರಣ ನಿಷೇಧ

ಬಹಳ ಹಿಂದೆ, ಅಂದರೆ ಟೀವಿ ಬಂದ ಮೇಲೆ, ನಾದಪುರಿ ಎಂಬ ರಾಜ್ಯವಿತ್ತು. ಅಲ್ಲಿನ ಯುವರಾಜನಿಗೆ ಐವತ್ತೆಂಟು ವರ್ಷ. ಮಹಾರಾಜ ಚಪಲವರ್ಮರು ಸಿಂಹಾಸನ ಬಿಡುವ ಲಕ್ಷಣ ಕಾಣದ್ದರಿಂದ ಅವನು ಯುವಕನಾಗಿಯೇ ಉಳಿಯಬೇಕಾಗಿತ್ತು. ಅವನ ಮನಸ್ಸಂತೋಷಕ್ಕೆಂದೇ ‘ತಾರುಣ್ಯ ವಾಹಿನಿ’ ಆರಂಭವಾಯಿತು. ದಿನವಿಡೀ ಹಾಡು, ನಡುನಡುವೆ ರಾಜಸ್ತುತಿ.

ಅಲ್ಲಿ ಹಾಡುತ್ತಿದ್ದವಳು ಮಂದಾಕಿನಿ ಎಂಬ ಇಪ್ಪತ್ತರ ಹುಡುಗಿ. ಅವಳಜ್ಜಿ ಐದು ಚರಣಗಳ ಆರತಿ ಹಾಡೊಂದನ್ನು ಕಲಿಸಿ ಕಣ್ಣು ಮುಚ್ಚಿದ್ದಳು. ಅದನ್ನು ಒಂದು ಸಲ ವಾಹಿನಿಯಲ್ಲಿ ಪೂರ್ತಿಯಾಗಿ ಹಾಡಬೇಕೆಂಬುದು ಮಂದಾಕಿನಿಯ ಆಸೆ. ಪಾಪ, ಅತಿಯಾಸೆಯೇನಲ್ಲ.

ಅಷ್ಟರಲ್ಲಿ ಯುವಜನ ಮಂತ್ರಿ ಪಲಿತಕೇಶಿಯವರು ಮೀಸೆಗೆ ಹೊಸದಾಗಿ ಬಣ್ಣ ಹಚ್ಚಿಕೊಂಡು ಆಸ್ಥಾನಕ್ಕೆ ಸರ್ವೆ ತಂದರು. ಪಲ್ಲವಿ ಮುಗಿಯುತ್ತಲೇ ಯುವಜನತೆ ಚಾನೆಲ್ ಬದಲಿಸುತ್ತಿದೆಯಂತೆ. ಸರ್ವೆಯಲ್ಲಿ ಕೇಳಿದ್ದು ಯುವರಾಜನೊಬ್ಬನನ್ನೇ.

“ಹಾಗಾದರೆ ಚರಣಗಳ ಗತಿ?” ಎಂದರು ಮಹಾರಾಜರು.

“ಈ ರಾಜ್ಯಕ್ಕೆ ಎರಡು ಚರಣ ಸಾಕು ಪ್ರಭು, ಅವು ತಮ್ಮವು. ಹಾಡಿಗೂ ಚರಣಗಳಿದ್ದರೆ ಪ್ರಜೆಗಳು ಯಾವುದಕ್ಕೆ ಅಡ್ಡಬೀಳಬೇಕು?”

ಮಹಾರಾಜರು ತಮ್ಮ ಪಾದಗಳನ್ನೊಮ್ಮೆ ನೋಡಿಕೊಂಡರು. ಆ ಕ್ಷಣವೇ ಚರಣ ನಿಷೇಧದ ರಾಜಾಜ್ಞೆ ಹೊರಟಿತು.

ಮಂದಾಕಿನಿ ಪಲ್ಲವಿಯಷ್ಟನ್ನೇ ಹಾಡಿದಳು. ಮುಂದಿನ ವರ್ಷ ಪಲ್ಲವಿಯೂ ಉದ್ದವಾಯಿತೆಂದು ಅದರ ಜಾಗಕ್ಕೆ ನಿರೂಪಕರ ಹರಟೆ ಬಂತು. ಆಮೇಲೆ ಸ್ಪರ್ಧೆ ಬಂತು, ಹಾಡುವವರನ್ನು ಅಳಿಸುವ ತೀರ್ಪುಗಾರರು ಬಂದರು. ಸಂಗೀತ ವಾಹಿನಿಯಲ್ಲಿ ಸಂಗೀತವೊಂದನ್ನು ಬಿಟ್ಟು ಎಲ್ಲವೂ ಇತ್ತು. ತಡೆಯಲಾರದೆ ಅವಳು ಮಂತ್ರಿಗಳ ಮುಂದೆ ಹೋಗಿ ನಿಂತಳು.

“ಒಂದೇ ಒಂದ್ಸಲ ಪೂರ್ತಿ ಹಾಡ್ತೀನಿ ಸ್ವಾಮಿ. ಆಮೇಲೆ ನೀವು ಹೇಳಿದ ಹಾಗೇ ಕೇಳ್ತೀನಿ.”

“ಪೂರ್ತಿ ಹಾಡು ಬರೋದು ಮುದುಕರಿಗಮ್ಮ,” ಎಂದರು ಮಂತ್ರಿಗಳು ತುಂಬ ಪ್ರೀತಿಯಿಂದ. “ನಿನಗೆ ಬರುತ್ತೇನು?”

ಅದೂ ಕಾನೂನಾಯಿತು. ಇಡೀ ಹಾಡು ಬಲ್ಲವರೆಲ್ಲ ಸರ್ಕಾರದ ಲೆಕ್ಕದಲ್ಲಿ ವೃದ್ಧರು. ವೃದ್ಧರಿಗೆ ವಾಹಿನಿಯಿಲ್ಲ, ಉದ್ಯೋಗವಿಲ್ಲ, ಹೆಣ್ಣು ಕೊಡುವವರೂ ಇಲ್ಲ. ಮುದುಕರಾಗಲು ಯಾರಿಗೆ ತಾನೆ ಇಷ್ಟ? ಊರಿಗೆ ಊರೇ ಸಾಲಾಗಿ ನಿಂತು ‘ನನಗೆ ಪಲ್ಲವಿ ಮಾತ್ರ ಬರುತ್ತದೆ’ ಎಂದು ಬರೆದುಕೊಟ್ಟಿತು. ಮಂದಾಕಿನಿಯೂ ಬರೆದುಕೊಟ್ಟಳು. ಸುಳ್ಳು ಹೇಳಿದ್ದೇನೆ, ಹಾಡೇನು ಎಲ್ಲಿಗೂ ಹೋಗುವುದಿಲ್ಲ ಎಂದು ತನ್ನನ್ನೇ ಸಮಾಧಾನಪಡಿಸಿಕೊಂಡಳು. ಸಿಕ್ಕಿಬೀಳುವ ಭಯಕ್ಕೆ ಮನೆಯಲ್ಲಿ ಗುನುಗುವುದನ್ನೂ ಬಿಟ್ಟಳು.

ನಾಲ್ಕು ವರ್ಷ ಕಳೆದು ಅವಳ ತಂಗಿ ಕುಮುದಿನಿಯ ಮದುವೆ ಬಂತು. ಆರತಿ ಹಾಡು ಮುಗಿಯದೆ ಮದುಮಕ್ಕಳು ಹಸೆಯಿಂದ ಏಳುವಂತಿಲ್ಲ ಎಂಬುದು ಆ ಮನೆತನದ ಪದ್ಧತಿ. ಹೆಂಗಸರೆಲ್ಲ ಮಂದಾಕಿನಿಯನ್ನು ಮುಂದೆ ತಳ್ಳಿದರು. ಅವಳು ಪಲ್ಲವಿ ಹಾಡಿದಳು. ಮತ್ತೆ ಪಲ್ಲವಿಯನ್ನೇ ಹಾಡಿದಳು. ಮೂರನೆಯ ಸಲವೂ ಚರಣ ನಾಲಿಗೆಗೆ ಬರಲಿಲ್ಲ. ಸುತ್ತ ನೋಡಿದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆರತಿ ತಟ್ಟೆಯ ದೀಪಕ್ಕೆ ಯಾರೋ ಮತ್ತೆ ಎಣ್ಣೆ ಹಾಕಿದರು.

“ಅಕ್ಕಾ, ಮುಂದೆ?” ಎಂದಳು ಕುಮುದಿನಿ ಮೆಲ್ಲಗೆ.

ಮಂದಾಕಿನಿಗೆ ಅಳು ಬಂತು. ಇದು ತೀರ್ಪುಗಾರರು ಅಳಿಸಿದ ಅಳುವಲ್ಲ, ಅಜ್ಜಿಯನ್ನು ಎರಡನೆಯ ಸಲ ಕಳೆದುಕೊಂಡವಳ ಅಳು.

ಸುದ್ದಿಯ ವಾಸನೆ ಹತ್ತಿದ ವಾಹಿನಿಯವರು ಕ್ಯಾಮರಾ ಹೊತ್ತು ಓಡಿಬಂದರು. ಹಸೆಯ ನೇರಪ್ರಸಾರ ಆ ವಾರದ ಟಿಆರ್‌ಪಿಯಲ್ಲಿ ಮೊದಲ ಸ್ಥಾನ ಪಡೆಯಿತು. ಪಲಿತಕೇಶಿಯವರಿಗೆ ‘ನಾದಬ್ರಹ್ಮ’ ಬಿರುದು ಬಂತು, ಯುವರಾಜ ತಾನೇ ಕೈಯಾರೆ ಶಾಲು ಹೊದಿಸಿದ. ಮದುಮಕ್ಕಳು ಇನ್ನೂ ಕೂತೇ ಇದ್ದಾರೆ.