ಗುಂಡಿಗೆರಾಯರ ಮೊದಲ ಚೀತ್ಕಾರ

“ಇನ್ನು ಈ ಮೂಗಿನ ಮೇಲೆ ಕನ್ನಡಕ ಕೂರುವುದಿಲ್ಲ! ಕೂರುವುದಿಲ್ಲ ಅಂದರೆ ಕೂರುವುದಿಲ್ಲ!”

ಭಾನುವಾರ ಬೆಳಗ್ಗೆ ಬಚ್ಚಲುಮನೆಯ ಕನ್ನಡಿಯೆದುರು ನಿಂತು ಗುಂಡಿಗೆರಾಯರು ಹೀಗೊಂದು ಭೀಷ್ಮಪ್ರತಿಜ್ಞೆ ಮಾಡಿದರು. ಅದನ್ನು ಕೇಳಿಸಿಕೊಳ್ಳಲು ಅಲ್ಲಿದ್ದದ್ದು ಒಂದು ಟೂತ್‌ಪೇಸ್ಟು, ಎರಡು ಬ್ರಷ್ಷು ಮತ್ತು ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ.

ರಾಯರದು ಕನ್ನಡಕದ ಅಂಗಡಿ. ಊರಿನ ಅರ್ಧ ಮೂಗುಗಳಿಗೆ ಕನ್ನಡಕ ಏರಿಸಿದ ಪುಣ್ಯಾತ್ಮರು ಅವರು. ಆದರೆ ಈಚೆಗೆ ಕಣ್ಣೊಳಗೇ ಇಟ್ಟುಕೊಳ್ಳುವ ಲೆನ್ಸ್ ಮಾರಲು ಹೊರಟರೆ ಗಿರಾಕಿಗಳು, “ಅಷ್ಟು ಚೆನ್ನಾಗಿದ್ರೆ ನೀವ್ಯಾಕೆ ಸ್ವಾಮಿ ಸೋಡಾಗ್ಲಾಸ್ ಹಾಕ್ಕೊಂಡಿದ್ದೀರಿ?” ಎಂದು ಮುಖಕ್ಕೆ ಹೊಡೆದಂತೆ ಕೇಳುತ್ತಿದ್ದರು. “ನೀವೇ ಮೊದಲು ಹಾಕ್ಕೊಳ್ರೀ” ಎಂದು ಸೂಚಿಸಿದವರು ಹೆಂಡತಿ. ಮುಕ್ಕಾಲು ಗಂಟೆ ಕಣ್ಣಿಗೆ ಬೆರಳು ಹಾಕಿಕೊಂಡು, ಮದುವೆಯಲ್ಲೂ ಸುರಿಸದಷ್ಟು ಕಣ್ಣೀರು ಸುರಿಸಿ, ಕೊನೆಗೂ ರಾಯರು ಲೆನ್ಸ್ ಧಾರಣೆ ಮಾಡಿದರು. ಜಗತ್ತು ತೊಳೆದಿಟ್ಟ ಹಾಗೆ ಕಂಡಿತು. ಹಳೆಯ ಕನ್ನಡಕವನ್ನು ಹೆಂಡತಿ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಬೀಗ ಯಾಕೆ?”

“ಪ್ರತಿಜ್ಞೆ ಮಾಡಿದ್ದೀರಲ್ಲ, ಅದಕ್ಕೆ ಕಾವಲು!”

ಇನ್ನು ಗುಂಡಿಗೆರಾಯರೆಂಬ ಬಿರುದಿನ ವಿಚಾರ. ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ರಾಯರ ಮನೆಯ ಹಾಲ್‌ನಲ್ಲಿ ಪರದೆಗಳೆಲ್ಲ ಇಳಿಯುತ್ತವೆ, ದೀಪ ಆರುತ್ತದೆ, ದೆವ್ವದ ಸಿನಿಮಾ ಶುರುವಾಗುತ್ತದೆ. ಈ ದೆವ್ವದ ಸಿನಿಮಾ ಸಂಘಕ್ಕೆ ರಾಯರೂ ಸೇರಿ ಸದಸ್ಯರು ಮೂವರೇ. ಒಬ್ಬರು ಗಣಿತದ ಮೇಷ್ಟ್ರು. ಕಪ್ಪು-ಬಿಳುಪಿನ ಕಾಲದ ಹಳೆಯ ಸಿನಿಮಾಗಳೆಂದರೆ ಅವರಿಗೆ ಪ್ರಾಣ. ಇನ್ನೊಬ್ಬ ಲಿಫ್ಟ್ ಮೆಕ್ಯಾನಿಕ್. ಕಳೆದ ವಾರ ಬಂದ ಸಿನಿಮಾವೇ ಅವನಿಗೆ ಸ್ವಲ್ಪ ಹಳತು.

“ಹೆದರಿಕೆ ಅನ್ನೋದು ನೆರಳಲ್ಲಿರುತ್ತೆ ಕಣಯ್ಯಾ. ಬಾಗಿಲು ಮೆಲ್ಲಗೆ ತೆರೀಬೇಕು. ಯಾರೂ ಬರಬಾರದು!” ಎಂದು ಮೇಷ್ಟ್ರು.

“ಯಾರೂ ಬರದೇ ಇದ್ದರೆ ಯಾರಿಗೆ ಹೆದರೋದು ಮೇಷ್ಟ್ರೇ? ನಮ್ಮದರಲ್ಲಿ ಧಡಾರ್ ಅಂತ ಬರುತ್ತೆ ನೋಡಿ, ಕುರ್ಚಿ ಸಮೇತ ಹಾರ್ತೀರ!” ಎಂದು ಮೆಕ್ಯಾನಿಕ್.

ಸಂಘಕ್ಕೆ ಇರುವುದು ಒಂದೇ ನಿಯಮ: ಚೀರಿದವರು ಎಲ್ಲರಿಗೂ ಚಹಾ ಮಾಡಬೇಕು. ಮೇಷ್ಟ್ರು ಚೀರಿದ್ದುಂಟು, ಮೆಕ್ಯಾನಿಕ್ ಅಂತೂ ವಾರ ತಪ್ಪದೆ ಚೀರುತ್ತಾನೆ. ಆದರೆ ಅತಿಥಿಗಳು ಅಡುಗೆಮನೆಯಲ್ಲಿ ಪಾತ್ರೆ ತಡಕಾಡುವುದನ್ನು ನೋಡಲಾರದೆ ಚಹಾ ಮಾಡುವ ಪಾಡು ಮಾತ್ರ ರಾಯರ ಹೆಂಡತಿಯದು. ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಚೀರದ ಏಕೈಕ ವೀರರು ರಾಯರು! ಹಾಗಾಗಿ ಅವರಿಗೆ ಬಿರುದು ಬಂತು. ಬಿರುದಿನ ಬೆನ್ನಿಗೇ ತೀರ್ಪುಗಾರಿಕೆಯೂ ಬಂತು. ಸಿನಿಮಾ ಮುಗಿದ ಮೇಲೆ ಅವರು ಗಂಟಲು ಸರಿಮಾಡಿಕೊಂಡು ನೂರಕ್ಕೆ ಇಷ್ಟು ಅಂಕವೆಂದರೆ ಅದೇ ಕೊನೆಯ ಮಾತು.

ಈಗ ಒಂದು ಗುಟ್ಟು ಹೇಳಲೇಬೇಕು. ದೀಪ ಆರಿದ ಕೂಡಲೇ ರಾಯರ ಕೈ ಮೆಲ್ಲಗೆ ಕಿವಿಯ ಬಳಿ ಹೋಗುತ್ತಿತ್ತು. ಕನ್ನಡಕ ಮೂಗಿನಿಂದ ಇಳಿದು ಜೇಬು ಸೇರುತ್ತಿತ್ತು. ಅಷ್ಟೇ! ಅಲ್ಲಿಂದಾಚೆಗೆ ಟಿವಿಯಲ್ಲಿ ಪಿಶಾಚಿಯೇ ಬರಲಿ, ಪಿಶಾಚಿಯ ಅತ್ತೆಯೇ ಬರಲಿ, ರಾಯರಿಗೆ ಕಾಣುತ್ತಿದ್ದದ್ದು ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆ. ಸದ್ದಿಗೆ ಅವರು ಹೆದರುವವರಲ್ಲ, ಮೇಲಿನ ಮನೆಯವರು ದಿನವೂ ಪಾತ್ರೆ ಬೀಳಿಸಿ ಅಭ್ಯಾಸ ಮಾಡಿಸಿದ್ದರು. ಹೀಗಾಗಿ ಧಡಾರ್ ಭಡಾರ್ ಎನ್ನುವ ಹೊಸ ಸಿನಿಮಾಗಳಿಗೆ ಎಂಬತ್ತು, ತೊಂಬತ್ತು ಬೀಳುತ್ತಿತ್ತು. ಸದ್ದಿಲ್ಲದೆ ನೆರಳಲ್ಲೇ ನಡೆಯುವ ಮೇಷ್ಟ್ರ ಹಳೆಯ ಸಿನಿಮಾಗಳಲ್ಲಿ ರಾಯರ ಪಾಲಿಗೆ ಏನೂ ನಡೆಯುತ್ತಲೇ ಇರಲಿಲ್ಲ!

ಮೇಷ್ಟ್ರ ಬಳಿ ಒಂದು ಪಾಳುಮನೆಯ ಸಿನಿಮಾ ಇತ್ತು. ಒಂಬತ್ತು ಸಲ ತಂದು ತೋರಿಸಿದ್ದರು. ಒಂಬತ್ತು ಸಲವೂ ರಾಯರು, “ಮಗುವಿಗೆ ತೊಟ್ಟಿಲು ತೂಗೋಕೆ ಪರವಾಗಿಲ್ಲ. ಹನ್ನೆರಡು!” ಎಂದಿದ್ದರು. ನೂರಕ್ಕೆ ಹನ್ನೆರಡು! ಜೀವಮಾನವಿಡೀ ಮಕ್ಕಳಿಗೆ ಅಂಕ ಕೊಟ್ಟ ಮೇಷ್ಟ್ರು ಆ ಅಂಕ ಕೇಳಿ ಪ್ರತಿಸಲವೂ ಚಪ್ಪಲಿ ಹುಡುಕುತ್ತ ತಲೆತಗ್ಗಿಸುತ್ತಿದ್ದರು. ಹೋದ ವಾರವಂತೂ ಬಾಗಿಲಲ್ಲಿ ನಿಂತು, “ಇನ್ನೊಂದೇ ಸಲ ನೋಡೋಣ ರಾಯರೇ. ಆಗಲೂ ಹನ್ನೆರಡೇ ಬಂದರೆ ನಾನು ಇಲ್ಲಿಗೆ ಬರೋದು ನಿಲ್ಲಿಸ್ತೀನಿ. ನನಗೇ ಏನೋ ತಿಳಿಯಲ್ಲ ಅಂತಾಯ್ತಲ್ಲ” ಎಂದಿದ್ದರು. ಹೆಂಡತಿಯನ್ನು ಕಳೆದುಕೊಂಡ ಮೇಷ್ಟ್ರಿಗೆ ವಾರದಲ್ಲಿ ಮಾತಾಡಲು ಇದ್ದದ್ದು ಈ ಭಾನುವಾರವೊಂದೇ ಎಂಬುದು ಎಲ್ಲರಿಗೂ ಗೊತ್ತಿತ್ತು. ರಾಯರಿಗೂ ಸಂಕಟವಾಯಿತು. ಆದರೆ ಕಾಣದ್ದಕ್ಕೆ ಅಂಕ ಕೊಡುವುದು ಹೇಗೆ? ಕಂಡಿಲ್ಲವೆಂದು ಹೇಳುವುದಾದರೂ ಹೇಗೆ?

ಮೂರು ಗಂಟೆಯಾಯಿತು. ಸದಸ್ಯರಿಬ್ಬರೂ ಬಂದರು. ಕನ್ನಡಕವಿಲ್ಲದ ರಾಯರನ್ನು ಮೆಕ್ಯಾನಿಕ್ ಗುರುತೇ ಹಿಡಿಯದೆ, “ಅಣ್ಣ ಇದ್ದಾರಾ?” ಎಂದು ಅವರನ್ನೇ ಕೇಳಿದ. ಅಷ್ಟರಲ್ಲಿ ಹೆಂಡತಿ ಬಂದು ಸೋಫಾದಲ್ಲಿ ರಾಯರ ಪಕ್ಕ ಕೂತುಬಿಟ್ಟರು.

“ಇದೇನೇ ಇದು?”

“ಇವತ್ತು ನಾನೂ ನೋಡ್ತೀನಿ.”

“ನಿನಗೆ ಹೆದರಿಕೆ ಆಗುತ್ತೆ ಕಣೇ!”

“ಆಗಲಿ, ಚಹಾ ತಾನೇ ಮಾಡ್ಬೇಕು? ಹೆದರದೇನೇ ಹನ್ನೊಂದು ವರ್ಷದಿಂದ ಮಾಡ್ತಾ ಇದೀನಿ!”

ದೀಪ ಆರಿತು. ಪಾಳುಮನೆ ಬಂತು. ಎಂದಿನಂತೆ ರಾಯರ ಕೈ ಗಂಭೀರವಾಗಿ ಕಿವಿಯ ಬಳಿ ಹೋಯಿತು. ಕಿವಿ ಸಿಕ್ಕಿತು, ಕನ್ನಡಕ ಸಿಗಲಿಲ್ಲ. ಮೂಗು ಮುಟ್ಟಿ ನೋಡಿದರು. ಮೂಗೂ ಸಿಕ್ಕಿತು! ಆಗ ಅವರಿಗೆ ಬೆಳಗಿನ ಪ್ರತಿಜ್ಞೆಯ ಪೂರ್ಣ ಅರ್ಥ ಹೊಳೆಯಿತು. ಕಣ್ಣು ಮುಚ್ಚೋಣವೆಂದರೆ ಇನ್ನೊಂದು ಪಕ್ಕದಲ್ಲಿ ಮೆಕ್ಯಾನಿಕ್ ಇದ್ದ. ಕಣ್ಣು ಮುಚ್ಚಿದವರ ಮುಖಕ್ಕೆ ಟಾರ್ಚ್ ಬಿಡುವುದು ಅವನು ತಾನಾಗಿ ವಹಿಸಿಕೊಂಡ ಉದ್ಯೋಗ.

ಟಿವಿಯಲ್ಲಿ ಒಂದು ಕಿಟಕಿ. ಕಿಟಕಿಯಾಚೆ ಕತ್ತಲೆ. ಅಲ್ಲಿ ಒಂದು ಕಿಟಕಿ ಇದೆಯೆಂದು ರಾಯರಿಗೆ ಒಂಬತ್ತು ಸಲವೂ ಗೊತ್ತಾಗಿರಲಿಲ್ಲ. ಕತ್ತಲೆಯೊಳಗಿಂದ ಏನೋ ಮೆಲ್ಲಗೆ, ಮೆಲ್ಲಗೆ ಗಾಜಿನ ಹತ್ತಿರ ಬಂತು. ಬಂದು ನಿಂತಿತು. ಮುಖ! ಎರಡು ಕಣ್ಣು, ಒಂದು ಮೂಗು, ಎಲ್ಲವೂ ಸ್ಪಷ್ಟ!

“ಅಯ್ಯಯ್ಯಯ್ಯಪ್ಪೋ!”

ಹನ್ನೊಂದು ವರ್ಷ ಕೂಡಿಟ್ಟಿದ್ದ ಚೀತ್ಕಾರವೆಲ್ಲ ಒಂದೇ ಏಟಿಗೆ ಹೊರಬಂತು. ರಾಯರು ಕೂತಲ್ಲಿಂದಲೇ ಹಾರಿ ಹಾಲ್‌ನ ಕಿಟಕಿಯ ಪರದೆ ಹಿಡಿದು ಜೋತಾಡಿದರು. ಪರದೆ ತನ್ನ ಕೋಲಿನ ಸಮೇತ ಕಿತ್ತುಬಂದು ಮೇಷ್ಟ್ರ ತಲೆಯ ಮೇಲೆ ಬಿತ್ತು. ಪರದೆ ಹೊದ್ದು ಎದ್ದುನಿಂತ ಮೇಷ್ಟ್ರನ್ನು ಕಂಡು ಮೆಕ್ಯಾನಿಕ್ ಚೀರಿ ಟೀಪಾಯಿ ಮಗುಚಿದ. ನೀರಿನ ಜಗ್ಗು ಉರುಳಿತು. ಪಕ್ಕದ ಮನೆಯವರು ಗೋಡೆ ಬಡಿದು, “ಏನಾಯ್ತು? ಯಾರನ್ನಾದ್ರೂ ಕರೀಬೇಕಾ?” ಎಂದು ಕೂಗಿದರು. ಇಷ್ಟೆಲ್ಲ ಆದರೂ ರಾಯರ ಹೆಂಡತಿ ಮಾತ್ರ ತಿರುಗಿಯೂ ನೋಡದೆ, ಟಿವಿಯಲ್ಲೇ ಕಣ್ಣು ನೆಟ್ಟು ಮುಗುಳ್ನಗುತ್ತ ಕೂತಿದ್ದರು!

ಮೆಕ್ಯಾನಿಕ್ ಸಿನಿಮಾ ನಿಲ್ಲಿಸಿ ದೀಪ ಹಾಕಿದ. “ಅಣ್ಣಾ, ಯಾಕೆ ಚೀರಿದ್ರಿ?”

“ದೆ... ದೆವ್ವ! ಕಿಟಕೀಲಿ!”

“ಅದು ದೆವ್ವ ಅಲ್ಲಣ್ಣಾ. ಹಾಲು ಹಾಕೋನು! ದೆವ್ವ ಬರೋಕೆ ಇನ್ನೂ ಅರ್ಧ ಗಂಟೆ ಇದೆ. ಒಂಬತ್ತು ಸಲ ನೋಡಿದ್ದೀರಲ್ಲ?”

ಮೇಷ್ಟ್ರು ಪರದೆಯೊಳಗಿಂದ ಮುಖ ಹೊರಹಾಕಿ ರಾಯರನ್ನೇ ನೋಡುತ್ತಿದ್ದರು. ಆ ಮುಖಕ್ಕೆ ಇನ್ನೊಂದು ಸುಳ್ಳು ಹೇಳಲು ರಾಯರಿಗೆ ನಾಲಿಗೆ ಬರಲಿಲ್ಲ.

“ನೋಡಿಲ್ಲ ಮೇಷ್ಟ್ರೇ. ಒಂದು ಸಲವೂ ನೋಡಿಲ್ಲ. ದೀಪ ಆರಿದ ತಕ್ಷಣ ಕನ್ನಡಕ ತೆಗೆದು ಜೇಬಿಗೆ ಹಾಕ್ಕೊಳ್ತಿದ್ದೆ. ನನ್ನಂಥ ಪುಕ್ಕಲ ಇನ್ನೊಬ್ಬ ಇಲ್ಲ. ನಿಮಗೆ ತುಂಬಾ ಅನ್ಯಾಯ ಮಾಡಿದೆ, ಕ್ಷಮಿಸಿಬಿಡಿ.”

ಸಂಘ ಇಲ್ಲಿಗೆ ಮುಗಿಯಿತೆಂದೇ ರಾಯರು ತಿಳಿದರು. ಮೇಷ್ಟ್ರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಹತ್ತಿರ ಹೋದರೆ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು!

“ಕೇಳಿಸ್ತೇನಯ್ಯಾ ಮೆಕ್ಯಾನಿಕ್ಕು? ನಿಮ್ಮ ಹೊಸ ಸಿನಿಮಾದಲ್ಲಿ ಒಬ್ಬರನ್ನ ಹೆದರಿಸೋಕೆ ಮೂರು ದೆವ್ವ ಬೇಕು. ನಮ್ಮ ಹಳೇದರಲ್ಲಿ ಹಾಲು ಹಾಕೋನೇ ಸಾಕು! ರಾಯರೇ, ಅಂಕ?”

“ನೂರು ಮೇಷ್ಟ್ರೇ! ನೂರಕ್ಕೆ ನೂರು!”

“ಒಪ್ಪಿದೆ ಮೇಷ್ಟ್ರೇ. ಆದ್ರೆ ನಂದೂ ಒಂದು ಸಿನಿಮಾ ಇದೆ, ಆಮೇಲೆ ನೋಡೋಣ” ಎಂದ ಮೆಕ್ಯಾನಿಕ್, ಟೀಪಾಯಿ ಎತ್ತಿ ನಿಲ್ಲಿಸುತ್ತ. “ಈಗ ನಿಯಮ ನಿಯಮವೇ. ಅಣ್ಣಾ, ಚಹಾ!”

“ನೀನೂ ಚೀರಿದೆಯಲ್ಲೋ!”

“ಅದು ಸಿನಿಮಾಕ್ಕಲ್ಲ, ಮೇಷ್ಟ್ರಿಗೆ. ಲೆಕ್ಕಕ್ಕಿಲ್ಲ!”

ರಾಯರು ಅಡುಗೆಮನೆಗೆ ಹೋದರು. ಒಂದೇ ಥರದ ಇಪ್ಪತ್ತು ಡಬ್ಬಿಗಳು ಸಾಲಾಗಿ ನಿಂತು ಅವರನ್ನು ನೋಡಿದವು.

“ಇವಳೇ, ಚಹಾಪುಡಿ ಎಲ್ಲಿ?”

ಉತ್ತರವಿಲ್ಲ.

“ಇವಳೇ! ಚಹಾಪುಡಿ!”

ಊಹೂಂ. ಕೋಪ ಬಂದಿರಬೇಕೆಂದು ರಾಯರು ಹೆದರುತ್ತಲೇ ಹೊರಬಂದು ಹೆಂಡತಿಯ ಮುಂದೆ ನಿಂತರು. ಹೊಸ ಕಣ್ಣುಗಳಿಗೆ ಕಂಡದ್ದು ಎರಡೂ ಕಿವಿಗಳಲ್ಲಿ ಗಟ್ಟಿಯಾಗಿ ತುರುಕಿದ್ದ ಬೆಳ್ಳಗಿನ ಹತ್ತಿ!

ಹೆಂಡತಿ ಹತ್ತಿ ತೆಗೆದು, “ಏನಂದ್ರಿ?” ಎಂದರು. “ಓ, ಇದಾ? ನಿಮ್ಮ ಗಲಾಟೇಲಿ ಮಧ್ಯಾಹ್ನ ಒಂದು ನಿದ್ದೆ ಮಾಡೋಕೂ ಆಗ್ತಿರಲಿಲ್ಲ. ಭಾನುವಾರ ಬಂದ್ರೆ ಕೈ ತಾನಾಗೇ ಕಿವಿಗೆ ಹೋಗುತ್ತೆ. ಅದಿರಲಿ, ಹೇಳಿದ್ರಾ ಕನ್ನಡಕದ ವಿಷಯ?”

“ನಿನಗೆ ಗೊತ್ತಿತ್ತಾ?!”

“ಅಡುಗೆಮನೆ ಬಾಗಿಲಿಂದ ನಿಮ್ಮ ಜೇಬು ಚೆನ್ನಾಗಿ ಕಾಣುತ್ತೆ ರೀ. ಹೋದ ವಾರ ಮೇಷ್ಟ್ರು ಹೋಗುವಾಗ ಅವರ ಮುಖ ನೋಡಿದೆ. ಬೇಜಾರಾಯ್ತು. ನೀವಾಗಿ ಹೇಳೋರಲ್ಲ. ಅದಕ್ಕೇ ಲೆನ್ಸ್ ಹಾಕ್ಕೊಳ್ಳಿ ಅಂದೆ. ಅದಕ್ಕೇ ಬೀಗ!”

“ತಾಯೀ, ಇವತ್ತಿಂದ ತೀರ್ಪು ನಿಮ್ಮದೇ” ಎಂದು ಮೇಷ್ಟ್ರು ಎದ್ದು ನಿಂತು ಕೈ ಮುಗಿದರು. ಚಪ್ಪಲಿಯ ಕಡೆ ಮಾತ್ರ ಅವರು ನೋಡಲಿಲ್ಲ.

ಚಹಾ ಆಮೇಲೆಂದು ಪಾಳುಮನೆಯನ್ನು ನೋಡಿ ಮುಗಿಸಿದ ಮೇಲೆ ಮೆಕ್ಯಾನಿಕ್ ತನ್ನ ಹೊಚ್ಚ ಹೊಸ ಸಿನಿಮಾ ಹಾಕಿದ. ಹೆಂಡತಿ ಹತ್ತಿಯನ್ನು ಕಿಟಕಿಯಾಚೆ ಎಸೆದು, “ನೀವು ಕಣ್ಣು ಬಿಟ್ಟು ನೋಡೋದಾದ್ರೆ ನಾನೂ ಕಿವಿ ತೆರೆದು ನೋಡ್ತೀನಿ” ಎಂದು ರಾಯರ ಕೈ ಹಿಡಿದುಕೊಂಡರು. ಹೆಂಡತಿಯ ಜೊತೆ ಕೂತು ಪೂರ್ತಿ ಸಿನಿಮಾ ನೋಡಿ ಎಷ್ಟು ಕಾಲವಾಗಿತ್ತು! ರಾಯರಿಗೆ ನಿಜವಾಗಿಯೂ ಸಂತೋಷವಾಯಿತು. ಹತ್ತೇ ನಿಮಿಷ. ಧಡಾರ್! ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಚೀರಿದರು.

ಇಬ್ಬರೂ ಒಟ್ಟಿಗೇ ಅಡುಗೆಮನೆಗೆ ಹೋದರು. ಚಹಾಪುಡಿಯ ಡಬ್ಬಿ ಯಾವುದೆಂದು ರಾಯರಿಗೆ ಕೊನೆಗೂ ತಿಳಿಯಿತು. ಒಲೆ ಹಚ್ಚುತ್ತ ಅವರು ಸ್ವಲ್ಪ ಬೀಗಿದರು.

“ಅಂತೂ ನೀನೂ ಹೆದರಿದೆ! ಸಿನಿಮಾದಲ್ಲಿ ಆ ಬಾವಿಯಿಂದ ಎದ್ದು ಬಂತಲ್ಲ, ಅದಕ್ಕೆ ತಾನೇ?”

“ಅಯ್ಯೋ, ಅದು ಪಾಪ ಅದರ ಪಾಡಿಗೆ ಬಂತು” ಎಂದರು ಹೆಂಡತಿ, ಹಾಲಿನ ಪಾತ್ರೆ ಕೈಗಿಡುತ್ತ. “ನಾನು ಹೆದರಿದ್ದು ಪಕ್ಕದಲ್ಲಿ ನೀವು ಚೀರಿದ್ದಕ್ಕೆ!”