ಡೈರೆಕ್ಟ್ರು ಕಾಗ್ದದ ಮೇಲೆ ಜ್ವರಕ್ಕೆ ಕೂತ ಹುಳ

ನಾನ್ ಹೇಳೋದ್ರಾಗೆ ಒಂದಕ್ಷರ ಸುಳ್ಳಿದ್ರೆ ನನ್ ನಾಲ್ಗೆ ಸೇದ್ಹೋಗ್ಲಿ, ಎಲ್ಲಾ ನಡ್ದಿದ್ದೇ. ಕುಂದಾಣದ ಕಡೆ ನಮ್ಮೂರಾಗೆ ಇಂಥವು ಆಯ್ತಾನೇ ಇರ್ತವೆ, ನಮ್ಮನೇಲಿ ಇನ್ನೊಂಚೂರು ಜಾಸ್ತಿ. ಯಾಕಂದ್ರೆ ನಮ್ಮನೇಲಿ ಒಬ್ಬ ದೊಡ್ಡ ಮನ್ಷ ಹುಟ್ಟಿದ್ದ, ನನ್ ತಮ್ಮ. ಮೊದ್ಲು ಸ್ಕೂಲ್ ಇನ್‌ಸ್ಪೆಕ್ಟ್ರು, ಆಮೇಲೆ ರಾಜ್ಯದ ಸ್ಕೂಲ್‌ಗಳಿಗೆಲ್ಲಾ ಡೈರೆಕ್ಟ್ರು. ನಾನು ಮೂರ್ನೇ ಕ್ಲಾಸು. ಆದ್ರೆ ಹಳ್ಳ ಬಂದಾಗ ಅವನ್ನ ಹೆಗಲ್ ಮೇಲೆ ಕೂರಿಸ್ಕೊಂಡು ಸ್ಕೂಲ್‌ಗೆ ದಾಟಿಸಿದ್ದು ಯಾರು? ಅವನ ಓದ್ನಾಗೆ ಅರ್ಧ ನಂದು ಕಣಪ್ಪ.

ಒಂದ್ ಟ್ರ್ಯಾಕ್ಟ್ರು ಮಕ್ಳು

ತಮ್ಮ ಇನ್‌ಸ್ಪೆಕ್ಟ್ರಾಗಿದ್ದಾಗ ನಮ್ಮ ಸುತ್ತಿನ ಸ್ಕೂಲ್ ನೋಡಕ್ ಬರ್ತಾನೆ ಅಂತ ಸುದ್ದಿ ಬಂತು. ಹಾಜರಿ ಪುಸ್ತಕದಾಗೆ ಮಕ್ಳು ತುಂಬಿ ತುಳುಕ್ತಾವೆ, ಚಾಪೆ ಮೇಲೆ ಮಾತ್ರ ಇಲ್ಲ. ಎಲ್ಲಾ ಹೊಲದಾಗೆ ಕಳೆ ಕೀಳ್ತಾ ಅವೆ. ಮೇಷ್ಟ್ರುಗಳು ಬಂದು ನನ್ ಕೈ ಹಿಡ್ಕೊಂಡ್ರು. ಇಡೀ ಸುತ್ತಿನಾಗೆ ಟ್ರ್ಯಾಕ್ಟ್ರು ಇದ್ದಿದ್ದು ನಂಗೊಬ್ಬಂಗೇ. ನಮ್ಮೂರ ಮಕ್ಳನ್ನೆಲ್ಲಾ ಟ್ರೈಲರ್‌ಗೆ ತುಂಬ್ಕೊಂಡು ಮೊದಲ್ನೇ ಸ್ಕೂಲ್‌ನಾಗೆ ಕೂರ್ಸಿದೆ. ತಮ್ಮನ ಜೀಪು ರಸ್ತೆ ಸುತ್ಕೊಂಡು ಹೋಗೋಷ್ಟ್ರಾಗೆ, ಅವೇ ಮಕ್ಳನ್ನ ಕೆರೆ ಏರಿ ಮೇಲೆ ಓಡ್ಸಿ ಎರಡ್ನೇ ಸ್ಕೂಲ್‌ನಾಗೆ ಇಳ್ಸಿದೆ. ಆಮೇಲೆ ಮೂರ್ನೇದ್ರಾಗೆ. ಮಕ್ಕಳಂತೂ ಜೀಪ್ ಸದ್ದು ಕೇಳಿದ್ ತಕ್ಷಣ ತಾವೇ ಎದ್ದು ನಮಸ್ಕಾರ ಮಾಡೋದು ಕಲ್ತ್ಬಿಟ್ಟಿದ್ವು.

ಮೂರ್ನೇ ಸ್ಕೂಲ್‌ನಾಗೆ ತಮ್ಮ ಒಂದು ಪ್ರಶ್ನೆನೂ ಕೇಳ್ಲಿಲ್ಲ. ಸೀದಾ ಹೊರಗ್ ಬಂದು, ಹುಣಸೆ ಮರದ್ ಹಿಂದೆ ನಿಂತಿದ್ದ ನನ್ನ ಹತ್ರ ಹೇಳ್ದ:

“ಅಣ್ಣ, ಇನ್ನು ಸಾಕು, ಮಕ್ಳಿಗೆ ಊಟ ಹಾಕ್ಸು. ಬೆಳಗ್ಗಿಂದ ಮೂರು ಸ್ಕೂಲ್ ಓದಿದಾವೆ.”

ಸಹಿ ಇರೋ ಹಾಸ್ಗೆ

ತಮ್ಮ ತೀರ್ಕೊಂಡ್ ಮೇಲೆ ಅವನ ಹೆಂಡ್ತಿ ಚಿಕ್ಕ ಫ್ಲಾಟ್‌ಗೆ ಹೋದ್ಲು. ಅವ್ನು ಬರ್ದಿದ್ದು, ಸಹಿ ಹಾಕಿದ್ದು ಎಲ್ಲಾ ಟ್ರಂಕ್‌ಗೆ ತುಂಬಿ, ‘ಭಾವ, ನೀವೇ ಇಟ್ಕೊಳ್ಳಿ’ ಅಂತ ನಮ್ಮನೆಗೆ ಕಳ್ಸಿದ್ಲು. ಆಗ ದೇವನಹಳ್ಳಿ ಕಡೆ ಏರ್‌ಪೋರ್ಟ್ ಕೆಲ್ಸ ಜೋರು. ಲಾರಿ ಧೂಳಿಗೆ ಹಿಪ್ಪುನೇರಳೆ ಸೊಪ್ಪೆಲ್ಲಾ ಕೆಂಪಗಾಗಿತ್ತು. ರೇಷ್ಮೆ ಹುಳ ಸಾಕೋಳು ನನ್ ಹೆಂಡ್ತಿ. ಹುಳ ಅವಳ್ದು, ಗೂಡ್ ಮಾರಿದ್ ದುಡ್ಡೂ ಅವಳ್ದು. ತಟ್ಟೆಗೆ ಹಾಸಕ್ಕೆ ಹಳೇ ಪೇಪರ್ ಸಾಲ್ದೇ ಹೋದಾಗ ಟ್ರಂಕ್ ತೆಗೆದು ತಮ್ಮನ ಕಾಗ್ದ ಹಾಸ್ಬಿಟ್ಲು. ಒಳ್ಳೆ ದಪ್ಪ ಕಾಗ್ದ.

ಆ ಸಲದ ಗೂಡಿಗೆ ಮಾರ್ಕೆಟ್‌ನಾಗೆ ಎಲ್ಲಾರ್ಗಿಂತ ಮೇಲಿನ ರೇಟು. ನಾನ್ ಸುಮ್ನಿರ್ತೀನಾ? ಸೊಪ್ಪು ಎಲ್ಲಾರ್ದೂ ಒಂದೇ, ನಮ್ಮದು ಹಾಸ್ಗೆ ಬೇರೆ ಅಂತ ಸಾರ್ಕೊಂಡು ಬಂದೆ. ಮಾರ್ನೇ ದಿನದಿಂದ ಊರ್ ಹೆಂಗಸ್ರೆಲ್ಲಾ ನಮ್ ಬಾಗ್ಲಿಗೆ. ನನ್ ಹೆಂಡ್ತಿ ಒಬ್ಬಳಿಗೆ ಖಾಲಿ ಹಾಳೆ ಕಟ್ಟು ಕೊಟ್ರೆ ಅವ್ಳು ವಾಪಸ್ ತಂದ್ಲು.

“ಅಕ್ಕ, ಸಹಿ ಇರೋದೇ ಕೊಡು. ಸಹಿ ಇಲ್ದಿದ್ರೆ ಹುಳ ಸರ್ಯಾಗ್ ಮೇಯಲ್ವಂತೆ.”

ಹೆಸ್ರಿನ ಜಗ್ಳ

ನಮ್ಮೂರಿಗೆ ಹೈಸ್ಕೂಲ್ ತಂದಿದ್ದು ನನ್ ತಮ್ಮ. ಅದಕ್ಕೆ ಅವನ ಹೆಸ್ರೇ ಇಡ್ಬೇಕು ಅಂತ ನಾನು ವರ್ಷಗಟ್ಲೆ ಓಡಾಡಿದೀನಿ. ಅಷ್ಟ್ರಾಗೆ ಒಬ್ಬ ಲ್ಯಾಂಡ್ ಬ್ರೋಕರು, ಏರ್‌ಪೋರ್ಟ್ ದುಡ್ನಾಗೆ ಎದ್ದೋನು, ಕಮಾನು ಕಟ್ಟಿಸ್ತೀನಿ, ನಮ್ಮಪ್ಪನ ಹೆಸ್ರಿಡಿ ಅಂದ. ಅವರಪ್ಪ ಆ ಸ್ಕೂಲ್ ಒಳಕ್ ಬಂದಿದ್ದು ಒಂದೇ ಸಲ, ಎಮ್ಮೆ ಹುಡುಕ್ಕೊಂಡು.

ಮೀಟಿಂಗ್‌ನಾಗೆ ಅವ್ನು, ‘ನಿನ್ ತಮ್ಮಂದು ಏನೈತೆ ಯಜಮಾನ ದಾಖ್ಲೆ?’ ಅಂದ. ಟ್ರಂಕ್‌ಗಟ್ಲೆ ಐತೆ ಕಣ್ಲಾ ಅಂದೆ. ತಾಲೂಕಿನ ಶಿಕ್ಷಣದ ಸಾಹೇಬ್ರು, ಹಂಗಾದ್ರೆ ಗುರುವಾರ ನಿಮ್ಮನೆಗೇ ಬಂದು ನೋಡಿ ತೀರ್ಮಾನ ಮಾಡ್ತೀನಿ ಅಂದ್ರು.

ಮನೆಗ್ ಬಂದು ಹೇಳಿದ್ರೆ ನನ್ ಹೆಂಡ್ತಿ ತಲೆನೇ ಎತ್ಲಿಲ್ಲ. ಊರಿಗೆ ಹಂಚಿ ಮಿಕ್ಕಿದ್ ಕಾಗ್ದವೆಲ್ಲಾ ಹುಳದ ಕೆಳ್ಗೆ. ಗುರುವಾರ ಹುಳ ಜ್ವರಕ್ಕೆ ಕೂರ್ತವಂತೆ. ಜ್ವರ ಅಂದ್ರೆ ಕಾಯಿಲೆ ಅಲ್ಲ. ಮೇವು ಬಿಟ್ಟು, ತಲೆ ಎತ್ಕೊಂಡು, ಪೊರೆ ಬಿಡಕ್ಕೆ ಅಲ್ಲಾಡ್ದಂಗೆ ಕೂರ್ತವೆ. ಆಗ ಮುಟ್ಟಂಗಿಲ್ಲ.

“ಸರ್ಕಾರ ಹುಳಕ್ಕೆ ಕಾಯಲ್ಲ ಕಣೇ.”

“ಹುಳಾನೂ ಸರ್ಕಾರಕ್ಕೆ ಕಾಯಲ್ಲ.”

ಗುರುವಾರ

ಸಾಹೇಬ್ರು ಬಂದ್ರು, ಹಿಂದೆನೇ ಬ್ರೋಕರು. ಹುಳದ ಮನೆ ಬಾಗ್ಲಾಗೆ ನನ್ ಹೆಂಡ್ತಿ. ಸಾಹೇಬ್ರ ಕೈಲಿ ಬೂಟ್ ಬಿಚ್ಚಿಸಿ, ಬ್ಲೀಚಿಂಗ್ ಪೌಡ್ರು ತುಳಿಸಿ, ಮುಖದ ಪೌಡ್ರು ವಾಸ್ನೆ ಹೋಗೋ ತನ್ಕ ದನದ ತೊಟ್ಟಿ ಹತ್ರ ತೊಳಿಸಿದ್ಲು. ಹುಳಕ್ಕೆ ವಾಸ್ನೆ ಆಗ್ಬರಲ್ಲ. ಬ್ರೋಕರು ಸೆಂಟ್‌ನಾಗೇ ಸ್ನಾನ ಮಾಡ್ದೋನು, ಅವನ್ನ ಒಳಕ್ಕೇ ಬಿಡ್ಲಿಲ್ಲ. ಕಿಟಕಿ ಜಾಲರಿಗೆ ಮೂಗೊತ್ಕೊಂಡು ನಿಂತ.

ಒಳಗೆ ತಟ್ಟೆ ತುಂಬಾ ಹುಳ, ಭಜನೆಗೆ ಕೂತಂಗೆ. ಸಾಹೇಬ್ರು ಮಂಡಿಯೂರಿ, ಉಸ್ರು ಬಿಗಿಹಿಡ್ದು, ಸಂದೀಲಿ ಕಂಡಷ್ಟು ಓದ್ತಾ ಹೋದ್ರು. ಒಂದ್ ತಟ್ಟೆ ಹತ್ರ ನಿಂತ್ಬಿಟ್ರು.

“ಯಜಮಾನ್ರೇ, ಇಲ್ಲಿ ಶಾಲೆಗೆ ಹೆಸ್ರಿಡೋ ವಿಚಾರದ ಆರ್ಡರ್ ಇದೆ. ನಿಮ್ಮ ತಮ್ಮಂದೇ ಸಹಿ. ಮಿಕ್ಕಿದ್ದು ಹುಳದ ಕೆಳಗಿದೆ.”

ನನ್ ಎದೆ ಕುಣೀತು. ಎತ್ತೇ ಹುಳಾನ ಅಂದೆ. ಜ್ವರದಾಗೆ ಎಬ್ಬಿಸಿದ್ರೆ ಬೆಳೆ ಹೋಯ್ತದೆ, ಇಡೀ ಬೆಳೆ ದುಡ್ಡು ಕೆಳಗಿಟ್ಟು ಆಮೇಲೆ ಮುಟ್ಟು ಅಂದ್ಲು. ಬ್ರೋಕರು ಕಿಟಕಿಯಾಗೆ ಕಿಸಕ್ ಅಂದ. ಅವನ್ ಮುಂದೆ ನಾನ್ ಚೌಕಾಸಿ ಮಾಡ್ತೀನಾ? ಚಡ್ಡಿ ಜೇಬ್ನಾಗಿದ್ದ ದ್ರಾಕ್ಷಿ ಮಾರಿದ್ ದುಡ್ಡು ಪೂರಾ ತೆಗ್ದು ಇಟ್ಟೆ.

ಅವ್ಳು ಎಣಿಸ್ಕೊಂಡು, ಒಂದೊಂದೇ ಹುಳಾನ ಮಗೂನ ಎತ್ತಿದಂಗೆ ಎತ್ತಿ ಬೇರೆ ತಟ್ಟೆಗಿಟ್ಲು. ಸಾಹೇಬ್ರು ಹಿಕ್ಕೆ ಊದಿ, ಜೋರಾಗಿ ಓದಿದ್ರು:

“ಯಾವುದೇ ಸರ್ಕಾರಿ ಶಾಲೆಗೆ ಯಾವುದೇ ವ್ಯಕ್ತಿಯ ಹೆಸರನ್ನು ಇಡತಕ್ಕದ್ದಲ್ಲ.”

ಬ್ರೋಕರು ಬಿದ್ ಬಿದ್ ನಕ್ಕ. ಆಮೇಲೆ ಅವರಪ್ಪನೂ ಒಬ್ಬ ವ್ಯಕ್ತಿ ಅಂತ ಹೊಳ್ದು ಜಾಲರಿಯಿಂದ ಮೂಗ್ ಕಿತ್ಕೊಂಡ. ಸಾಹೇಬ್ರು ನನ್ ಕೈ ಕುಲುಕಿ, ‘ಈ ಆರ್ಡರ್ ಆಫೀಸ್‌ನಲ್ಲೇ ಇರ್ಲಿಲ್ಲ, ಎಷ್ಟು ಜೋಪಾನ ಮಾಡಿದೀರಿ’ ಅಂತ ಮಡ್ಚಿ ಜೇಬಿಗಿಟ್ಕೊಂಡು ಹೋದ್ರು.

ಹುಳ ಒಂದೂ ಸಾಯ್ಲಿಲ್ಲ. ಜ್ವರ ಬಿಟ್ಟು ಎದ್ದು ಗೂಡು ಕಟ್ಟಿದ್ವು, ಅದನ್ನೂ ಅವ್ಳೇ ಮಾರ್ಕೊಂಡ್ಲು. ಬೆಳೆ ಕೆಡ್ಲಿಲ್ವಲ್ಲ, ನನ್ ದುಡ್ಡು ಕೊಡು ಅಂದೆ. ಹುಳದ ನಿದ್ದೆ ಕೆಟ್ತಲ್ಲ ಅಂದ್ಲು. ಇವತ್ತಿಗೂ ನಮ್ಮನೆ ಬೀರುನಾಗೇ ಐತೆ, ಬೀಗದ್ ಕೈ ಅವಳ ಸೊಂಟದಾಗೆ: ಹದಿನೆಂಟು ಸಾವಿರದ ಆರ್ನೂರ ಐವತ್ತು ರೂಪಾಯಿ.